ಮನೆ ಮಾರಿಕೊಡುವ ಏಜೆನ್ಸಿಯ ಸೇವೆ: ಆ ಮನೆಯ ಬಾಡಿಗೆದಾರಳ ವಿಮರ್ಶೆ

ಮೈಸೂರಿನ ಕುವೆಂಪುನಗರದಲ್ಲಿ 30x40 ಅಡಿ ನಿವೇಶನದ ಮನೆಯೊಂದರಲ್ಲಿ ನಾವು 6 ವರ್ಷಗಳಿಂದ ಬಾಡಿಗೆಗಿದ್ದೇವೆ. ಬೆಂಗಳೂರಿನಲ್ಲಿ ಮಗನ ಜೊತೆ ನೆಲೆಸಿರುವ ಮಾಲೀಕರು ಕಳೆದ ವೈಶಾಖದಲ್ಲಿ ಮನೆ ಮಾರಲು ತೀರ್ಮಾನಿಸಿ, ಆ ಕೆಲಸವನ್ನು ನಗರದ ಒಂದು ಏಜೆನ್ಸಿಗೆ ವಹಿಸಿದರು. ಅದಕ್ಕೆ ಕಮಿಷನ್ ಕೊಡುವವಳು ನಾನಲ್ಲ, ಹಾಗಾಗಿ ನಾನು ಅದರ ಗ್ರಾಹಕಳೂ ಅಲ್ಲ. ಆದರೆ ಅದರ ಸೇವೆಯ ಬಹುಪಾಲು ನಡೆದದ್ದು ನನ್ನ ಅಡುಗೆಮನೆಯಲ್ಲಿ ಮತ್ತು ಮಲಗುವ ಕೋಣೆಯಲ್ಲಿ. ಮಾಲೀಕರೂ ಕೊಳ್ಳುವವರೂ ಕೊಡುವ ನಕ್ಷತ್ರಗಳಲ್ಲಿ ಈ ಭಾಗ ಎಂದೂ ಕಾಣಿಸುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಸಿಬ್ಬಂದಿ ಮಾತಿನಲ್ಲಿ ಸೌಜನ್ಯವಂತರು, ಖಾತೆ ಮತ್ತು ಕಂದಾಯದ ಕಾಗದಪತ್ರಗಳ ವಿಷಯದಲ್ಲಿ ಬಂದವರಿಗೆ ಸುಳ್ಳು ಹೇಳಿದ್ದನ್ನು ನಾನು ಕೇಳಲಿಲ್ಲ.

ತೊಂದರೆ ಶುರುವಾದದ್ದು ಹೊತ್ತಿನ ವಿಷಯದಲ್ಲಿ. "ಮೇಡಂ, ಹತ್ತು ನಿಮಿಷದಲ್ಲಿ ಬರ್ತಿದ್ದೀವಿ, ಐದೇ ನಿಮಿಷದ ಕೆಲಸ" ಎಂಬ ವಾಟ್ಸಾಪ್ ಸಂದೇಶವೇ ಅವರ ಪ್ರಕಾರ ಮುನ್ಸೂಚನೆ. ಐದು ನಿಮಿಷವೆಂದು ಬಂದವರು ಸಂಪಿನ ಮುಚ್ಚಳದಿಂದ ಹಿಡಿದು ಬಟ್ಟೆಯ ಕಪಾಟಿನವರೆಗೆ ತೆರೆದು ನೋಡಿದ್ದುಂಟು. ಒಬ್ಬ ವಾಸ್ತು ಪಂಡಿತರು ದಿಕ್ಸೂಚಿ ಹಿಡಿದು ನಮ್ಮ ಮಾವನವರು ಮಲಗಿದ್ದ ಕೋಣೆಗೇ ನುಗ್ಗಿ, ಅವರ ತಲೆ ಯಾವ ದಿಕ್ಕಿಗಿದೆ ಎಂಬುದರ ಬಗ್ಗೆಯೂ ಅಭಿಪ್ರಾಯ ಕೊಟ್ಟರು. ಒಂದು ಭಾನುವಾರ ನಾವು ನಂಜನಗೂಡಿಗೆ ಹೋಗಿ ಹಿಂದಿರುಗಿದಾಗ ನಡುಮನೆಯ ಫ್ಯಾನು ತಿರುಗುತ್ತಿತ್ತು. ಮಾಲೀಕರ ಬಳಿಯಿದ್ದ ಇನ್ನೊಂದು ಕೀಲಿಕೈ ಏಜೆನ್ಸಿಯ ಕೈ ಸೇರಿತ್ತೆಂಬುದು ನಮಗೆ ಗೊತ್ತಾದದ್ದೇ ಆಗ. ಆಷಾಢ ಬಂದಾಗ ಮನೆ ನೋಡುವವರು ತಾವಾಗಿಯೇ ನಿಂತರು. ಆ ಒಂದು ತಿಂಗಳು ನಮಗೆ ಸಿಕ್ಕ ನೆಮ್ಮದಿಗೆ ಪಂಚಾಂಗವೇ ಕಾರಣ.

ಆದರೆ ನನ್ನ ಮುಖ್ಯ ದೂರು ಜಾಹೀರಾತಿನ ಚಿತ್ರಗಳದ್ದು. ಅಳತೆಗೆಂದು ಬಂದ ಹುಡುಗ ಮೊಬೈಲಿನಲ್ಲಿ ತೆಗೆದ ವಿಡಿಯೊ ಮಾರನೆಯ ದಿನವೇ ಅಂತರ್ಜಾಲದಲ್ಲಿತ್ತು. ಅದರಲ್ಲಿ ದೇವರ ಮನೆ, ಮಾವನವರ ಮಾತ್ರೆಗಳ ಡಬ್ಬಿ, ಹಾಲಿನ ಲೆಕ್ಕ ಬರೆದ ಕ್ಯಾಲೆಂಡರ್, ಕೊನೆಗೆ ಮೊಳೆಗೆ ನೇತುಹಾಕಿದ್ದ ಮಗಳ ಶಾಲೆಯ ಗುರುತಿನ ಚೀಟಿ ಎಲ್ಲವೂ ಓದುವಷ್ಟು ಸ್ಪಷ್ಟವಾಗಿದ್ದವು. ಗೋಡೆಗಳು ಮಾಲೀಕರವು ನಿಜ, ಆದರೆ ಗೋಡೆಯ ಮೇಲಿರುವ ಮಗುವಿನ ಹೆಸರನ್ನು ಪ್ರಕಟಿಸಲು ಅವರ ಒಪ್ಪಿಗೆ ಸಾಲದು ಎಂದು ವಿವರಿಸಿದಾಗ, "ಎಲ್ಲರೂ ಹೀಗೇ ಹಾಕುವುದು" ಎಂಬ ಉತ್ತರ ಬಂತು. ಮೂರು ಬಾರಿ ಕೇಳಿದ ಮೇಲೆ ಗುರುತಿನ ಚೀಟಿಯ ಭಾಗವನ್ನಷ್ಟೇ ಕತ್ತರಿಸಿದರು.

ಕಾನೂನು ಏನು ಹೇಳುತ್ತದೆಂದು ಆಗ ಓದಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆ ಕೊಟ್ಟು ಷರತ್ತಿನಂತೆ ನಡೆದುಕೊಳ್ಳುವವರಿಗೆ ಅಡ್ಡಿಯಿಲ್ಲದೆ ಆಸ್ತಿಯನ್ನು ಅನುಭವಿಸುವ ಹಕ್ಕು ಕೊಡುತ್ತದೆ. ಅದೇ ಕಲಮು ಮಾಲೀಕರೂ ಅವರ ಏಜೆಂಟರೂ ಯುಕ್ತವಾದ ಹೊತ್ತಿನಲ್ಲಿ ಒಳಬಂದು ಕಟ್ಟಡದ ಸ್ಥಿತಿ ಪರಿಶೀಲಿಸಲು ಬಿಡಬೇಕೆಂದೂ ಹೇಳುತ್ತದೆ. ಸ್ಥಿತಿಯನ್ನು ಪರಿಶೀಲಿಸುವುದು ಬೇರೆ, ಕೊಳ್ಳುವವರ ಸಾಲನ್ನೇ ಕರೆತರುವುದು ಬೇರೆ. ಕೇಂದ್ರ ಸರ್ಕಾರ 2021ರಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆ ಇನ್ನೂ ಸ್ಪಷ್ಟವಾಗಿದೆ: ಒಳಬರಲು ಕನಿಷ್ಠ 24 ಗಂಟೆ ಮೊದಲು ಲಿಖಿತವಾಗಿ ಅಥವಾ ವಿದ್ಯುನ್ಮಾನ ಮಾಧ್ಯಮದ ಮೂಲಕ ನೋಟಿಸು ಕೊಡಬೇಕು, ಸೂರ್ಯೋದಯಕ್ಕೆ ಮುಂಚೆಯಾಗಲಿ ಸೂರ್ಯಾಸ್ತದ ನಂತರವಾಗಲಿ ಬರಬಾರದು. ಅದು ಮಾದರಿ ಮಾತ್ರ, ರಾಜ್ಯವೊಂದು ತನ್ನ ಕಾನೂನಾಗಿ ಮಾಡಿಕೊಂಡ ಮೇಲೆಯೇ ಅಲ್ಲಿ ಜಾರಿಗೆ ಬರುವಂಥದು. ನಮ್ಮ 11 ತಿಂಗಳ ಕರಾರಿನಲ್ಲಿ ಸುಣ್ಣಬಣ್ಣದ ಖರ್ಚಿಗೂ ಮೊಳೆ ಹೊಡೆಯುವುದಕ್ಕೂ ಒಂದೊಂದು ಷರತ್ತಿತ್ತು, ಮನೆ ತೋರಿಸುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಶ್ರಾವಣದಲ್ಲಿ ಮಾಲೀಕರು ಬಡಾವಣೆಯ ಒಬ್ಬ ಹಳೆಯ ದಲ್ಲಾಳಿಗೂ ಹೇಳಿಟ್ಟರು. ಅವರಿಗೆ ಆ್ಯಪ್ ಇಲ್ಲ, ಕಚೇರಿಯಿಲ್ಲ, ಸ್ಕೂಟರಿನ ಡಿಕ್ಕಿಯಲ್ಲಿ ಒಂದು ನೋಟ್‌ಬುಕ್ ಇದೆ. "ನಾಳೆ ಹನ್ನೊಂದಕ್ಕೆ ಇಬ್ಬರನ್ನ ಕರ್ಕೊಂಡು ಬರಬಹುದೇನಮ್ಮ, ಅಡುಗೆ ಮುಗಿದಿರುತ್ತಲ್ಲ?" ಎಂದು ಹಿಂದಿನ ಸಂಜೆಯೇ ಫೋನು ಮಾಡುತ್ತಿದ್ದರು, ಬಂದವರ ಕೈಯಲ್ಲಿ ಚಪ್ಪಲಿ ಬಿಡಿಸಿ, ಕಪಾಟು ಮುಟ್ಟುವ ಮುನ್ನ ನನ್ನ ಮುಖ ನೋಡಿ, ಫೋಟೊ ಬೇಕೆಂದವರಿಗೆ ಹೊರಗಿನಿಂದ ತೆಗೆಯಿರಿ ಎನ್ನುತ್ತಿದ್ದರು. ಏಜೆನ್ಸಿ ಆಷಾಢಕ್ಕೆ ಮುಂಚೆ 14 ಗುಂಪುಗಳನ್ನು ಕರೆತಂದಿತ್ತು, ಇವರು ಕರೆತಂದದ್ದು ನಾಲ್ಕನ್ನು, ಮನೆ ಮಾರಾಟವಾದದ್ದು ಆ ನಾಲ್ಕರಲ್ಲಿ ಒಬ್ಬರಿಗೆ. ಹೊಸ ಮಾಲೀಕರು ನಮ್ಮನ್ನು ಮುಂದುವರಿಸಲು ಒಪ್ಪಿದ್ದಾರೆ. ಹೊಸ ಕರಾರಿನಲ್ಲಿ ಒಂದು ದಿನದ ಮುನ್ಸೂಚನೆ, ವಾರಕ್ಕೆ ಎರಡೇ ಭೇಟಿ, ನಮ್ಮ ಒಪ್ಪಿಗೆಯಿಲ್ಲದೆ ಒಳಾಂಗಣದ ಚಿತ್ರ ಇಲ್ಲ ಎಂಬ ಮೂರು ಸಾಲುಗಳನ್ನು ಬರೆಸಿಕೊಂಡಿದ್ದೇನೆ, ಅವರು ತಕರಾರಿಲ್ಲದೆ ಸಹಿ ಹಾಕಿದರು.

ಏಜೆನ್ಸಿಗೆ ಐದರಲ್ಲಿ ಎರಡು ನಕ್ಷತ್ರ. ಅವರ ಜಾಹೀರಾತಿನ ಮೇಲೆ ಈಗ "ಮಾರಾಟವಾಗಿದೆ" ಎಂಬ ಪಟ್ಟಿ ಬಂದಿದೆ, ಅದರ ಹಿಂದೆ ಮಾವನವರ ಮಾತ್ರೆ ಡಬ್ಬಿ ಇಂದಿಗೂ ಕಾಣುತ್ತಿದೆ.