ಸೆರಾಮಿಕ್, ವ್ಯಾಕ್ಸ್, ಫಿಲ್ಮ್: ಸಕಲೇಶಪುರದ ತೋಟದ ದಾರಿಗೆ ಯಾವುದು ತಡೆಯಿತು?

ಕಾರಿನ ಬಣ್ಣ ಕಾಪಾಡಲು ಜನ ಮಾಡಿಸುವುದು ಈ ಮೂರರಲ್ಲಿ ಒಂದು: ಹಚ್ಚಿ ಗಟ್ಟಿಯಾಗಲು ಬಿಡುವ ಸೆರಾಮಿಕ್ ಕೋಟಿಂಗ್, ಮೇಣದ ವ್ಯಾಕ್ಸ್, ಇಲ್ಲವೇ ಮೇಲೆ ಅಂಟಿಸುವ ಪ್ಲಾಸ್ಟಿಕ್ ಫಿಲ್ಮ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫಿಲ್ಮ್‌ಗೆ. ಅದೂ ಇಡೀ ಕಾರಿಗಲ್ಲ, ಏಟು ಬೀಳುವ ಜಾಗಗಳಿಗೆ ಮಾತ್ರ. ಉಳಿದ ಕಡೆಗೆಲ್ಲ ಸಾದಾ ವ್ಯಾಕ್ಸ್ ಸಾಕು. ಸೆರಾಮಿಕ್ ಕೋಟಿಂಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಮಾರುವಾಗ ಹೇಳುವ ಮಾತೇ ಬೇರೆ, ಅದು ಮಾಡುವ ಕೆಲಸವೇ ಬೇರೆ.

ನಾವಿರುವುದು ಹಾಸನದಲ್ಲಿ. ಸಕಲೇಶಪುರದಿಂದ ಒಳಗೆ ಸಣ್ಣದೊಂದು ಕಾಫಿ ತೋಟ ಇದೆ. ಅಕ್ಕ-ಭಾವ ಅರಸೀಕೆರೆ ಕಡೆಯವರು. ನಾನೂ ಭಾವನೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಾರು ತೆಗೆದುಕೊಂಡೆವು. ಭಾವ ಶೋರೂಮಿನಿಂದ ಹೊರಬಂದ ವಾರದಲ್ಲೇ ಇಡೀ ಕಾರಿಗೆ ಸೆರಾಮಿಕ್ ಮಾಡಿಸಿದರು. ನಾನು ಬಾನೆಟ್, ಮುಂದಿನ ಬಂಪರ್, ಕನ್ನಡಿ, ಬಾಗಿಲುಗಳ ಕೆಳ ಅರ್ಧ, ಹಿಂದಿನ ಚಕ್ರದ ಮೇಲಿನ ಭಾಗ, ಇಷ್ಟಕ್ಕೆ ಪಾರದರ್ಶಕ ಫಿಲ್ಮ್ ಹಾಕಿಸಿದೆ. ಅಂಗಡಿಯವರು ಪಿಪಿಎಫ್ ಅನ್ನುತ್ತಾರಲ್ಲ, ಅದೇ. ಅಪ್ಪನ ಹಳೇ ಓಮ್ನಿ ಮೊದಲಿಂದಲೂ ವ್ಯಾಕ್ಸ್ ಮೇಲೆಯೇ ಬದುಕಿದೆ. ಮೂರೂ ಗಾಡಿ ಓಡುವುದು ಒಂದೇ ದಾರಿಯಲ್ಲಿ. ಹಾಗಾಗಿ ಹೋಲಿಸಲು ಅನುಕೂಲವಾಯಿತು.

ದಾರಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಹಾಸನದಿಂದ ಸಕಲೇಶಪುರಕ್ಕೆ ಹೆದ್ದಾರಿ 75. ಮುಂದೆ ಜಲ್ಲಿ ತುಂಬಿದ ಟಿಪ್ಪರ್ ಸಿಕ್ಕರೆ ಬಾನೆಟ್ ಮೇಲೆ ಟಣ್ ಟಣ್ ಸದ್ದು ಗ್ಯಾರಂಟಿ. ಹೆದ್ದಾರಿ ಬಿಟ್ಟು ತೋಟದ ರಸ್ತೆಗೆ ಇಳಿದರೆ ಕಥೆಯೇ ಬೇರೆ. ಎರಡೂ ಕಡೆ ಲಂಟಾನದ ಮುಳ್ಳುಪೊದೆ. ಅದರ ಹಿಂದೆ ರೋಬಸ್ಟಾ ಕಾಫಿ ಗಿಡಗಳ ರೆಕ್ಕೆಗಳು, ಅಂದರೆ ಕೊಂಬೆಗಳು, ರಸ್ತೆಗೆ ಚಾಚಿಕೊಂಡಿರುತ್ತವೆ. ಎದುರಿಗೆ ಪಿಕಪ್ ಬಂದರೆ ಪಕ್ಕಕ್ಕೆ ಸರಿಯಲೇಬೇಕು. ಸರಿದರೆ ಗಿಡದೊಳಗೇ. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕಾಲದಲ್ಲಂತೂ ಕಡಿದ ಕೊಂಬೆಗಳು ದಾರಿಯಲ್ಲೇ ಬಿದ್ದಿರುತ್ತವೆ. ಇಲ್ಲಿ ಓಡಾಡುವ ಕಾರಿಗೆ ಹೊಳಪಿನ ಚಿಂತೆ ಆಮೇಲೆ, ಮೊದಲು ಗೀರಿನ ಚಿಂತೆ.

ಈಗ ಆ '9ಎಚ್' ವಿಷಯ. ಸೆರಾಮಿಕ್ ಮಾರುವವರೆಲ್ಲ ಬಾಯಿಪಾಠ ಮಾಡಿರುವ ಮಾತು ಇದು. ಭಾವನಿಗೆ ಹೇಳಿದ್ದು ಹೀಗೆ: "ವಜ್ರ ಹತ್ತು ಸಾರ್, ನಮ್ಮ ಕೋಟಿಂಗ್ ಒಂಬತ್ತು." ಕೇಳಿದವರು ಬೀಳದೆ ಇರುತ್ತಾರಾ? ಆದರೆ ವಜ್ರಕ್ಕೆ ಹತ್ತು ಕೊಡುವುದು ಮೋಸ್ ಅಳತೆ. 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಖನಿಜತಜ್ಞ ಕಲ್ಲುಗಳಿಗೆ ಮಾಡಿದ ಪಟ್ಟಿ ಅದು. ಅದರಲ್ಲಿ ಒಂಬತ್ತು ಅಂದರೆ ಮಾಣಿಕ್ಯ, ನೀಲಮಣಿ. ಕೋಟಿಂಗಿನ 9ಎಚ್ ಮಾತ್ರ ಪೆನ್ಸಿಲ್ ಅಳತೆ. ಚಿತ್ರ ಬಿಡಿಸುವ ಎಚ್‌ಬಿ, 2ಬಿ ಪೆನ್ಸಿಲ್ ಇರುತ್ತವಲ್ಲ, ಅದೇ ಸಾಲಿನಲ್ಲಿ ತೀರಾ ಗಟ್ಟಿಯಾದದ್ದು 9ಎಚ್. ಪೆನ್ಸಿಲನ್ನು 45 ಡಿಗ್ರಿ ಓರೆಯಾಗಿ ಹಿಡಿದು, ಸುಮಾರು 750 ಗ್ರಾಂ ಭಾರ ಕೊಟ್ಟು ಬಣ್ಣದ ಮೇಲೆ ತಳ್ಳುತ್ತಾರೆ. ಗೀರು ಬೀಳದಿದ್ದರೆ ಪಾಸು. ಪೆನ್ಸಿಲ್ ಕಡ್ಡಿಯಲ್ಲಿರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ನಮ್ಮ ಕಾರಿನ ಮೇಲೆ ಕೂರುವ ಧೂಳಿನಲ್ಲಿರುವುದು ಮರಳು, ಅಂದರೆ ಬೆಣಚುಕಲ್ಲಿನ ಪುಡಿ. ಮೋಸ್ ಅಳತೆಯಲ್ಲಿ ಅದು 7. ಗಾಜಿಗಿಂತ ಗಟ್ಟಿ. ಯಾರೂ ಪೆನ್ಸಿಲ್ ಹಿಡಿದು ನಮ್ಮ ಕಾರು ಕೆರೆಯುವುದಿಲ್ಲ, ಅಲ್ವಾ? ಕೆರೆಯುವುದು ಮರಳು.

ಅದಕ್ಕಿಂತ ದೊಡ್ಡ ವಿಷಯ ದಪ್ಪ. ಕಾರಿನ ಬಣ್ಣದ ಮೇಲೆ ಕಂಪನಿಯೇ ಹಾಕಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸುಮಾರು 40ರಿಂದ 50 ಮೈಕ್ರಾನ್ ಇರುತ್ತದೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದರ ಮೇಲೆ ಕೂರುವ ಸೆರಾಮಿಕ್ ಪದರ ಒಂದೆರಡು ಮೈಕ್ರಾನ್, ಹಲವು ಸಲ ಅಷ್ಟೂ ಇಲ್ಲ. ಫಿಲ್ಮ್ 150ರಿಂದ 200 ಮೈಕ್ರಾನ್. ಈ ಮೂರು ಅಂಕಿ ಗೊತ್ತಿದ್ದರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. ಒಂದು ಮೈಕ್ರಾನ್ ಪದರ ಎಷ್ಟೇ ಗಟ್ಟಿಯಿದ್ದರೂ ಜಲ್ಲಿ ಬಂದು ಬಡಿದಾಗ ಅದು ಮಾಡುವುದೇನೂ ಇಲ್ಲ. ಫಿಲ್ಮ್ ಗಟ್ಟಿ ಅಲ್ಲ, ಮೆತ್ತಗಿದೆ. ಏಟು ತಿಂದು ತಗ್ಗುತ್ತದೆ, ಮತ್ತೆ ಎದ್ದು ಬರುತ್ತದೆ. ಇದು ಹುಟ್ಟಿದ್ದೂ ಕಾರಿಗಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್ ರೆಕ್ಕೆಗಳನ್ನು ಮರಳು, ಚೂರುಗಳಿಂದ ಕಾಪಾಡಲು ಅಮೆರಿಕದವರು ಬಳಸಿದ ಪ್ಲಾಸ್ಟಿಕ್ ಪದರವೇ ಮುಂದೆ ಕಾರಿಗೆ ಬಂತು.

ನಮ್ಮ ಎರಡು ಕಾರುಗಳಲ್ಲಿ ಕಂಡದ್ದೂ ಇದೇ. ಭಾವನ ಕಾರಿನ ಬಾನೆಟ್ ಅಂಚಿನಲ್ಲಿ ಜಲ್ಲಿ ಹಾರಿದ ಚುಕ್ಕೆಗಳು, ಕೆಲವು ಕಡೆ ಒಳಗಿನ ಪ್ರೈಮರ್ ಕಾಣುತ್ತಿದೆ. ಎಡಗಡೆ ಬಾಗಿಲುಗಳ ಮೇಲೆ ಉದ್ದುದ್ದ ಗೀರು. ಉಗುರಾಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳದವೂ ಇವೆ. ನನ್ನ ಕಾರಿನ ಫಿಲ್ಮ್ ಮೇಲೂ ಲಂಟಾನ ಗೀರಿದ್ದು ಕಡಿಮೆಯೇನಲ್ಲ. ಆದರೆ ಮಧ್ಯಾಹ್ನದ ಬಿಸಿಲಿಗೆ ನಿಂತರೆ ಸಣ್ಣ ಗೀರುಗಳು ತಾವಾಗಿಯೇ ಮಾಯ. ಮಳೆಗಾಲದಲ್ಲಿ ಬಿಸಿಲಿಲ್ಲದಾಗ ನಾನು ಸ್ನಾನದ ಹಂಡೆಯಿಂದ ಒಂದು ಚೊಂಬು ಬಿಸಿನೀರು ತಂದು ಸುರಿಯುತ್ತೇನೆ. ಅಪ್ಪ ಮೊದಲ ಸಲ ನೋಡಿ "ಕಾರಿಗೂ ಎಣ್ಣೆಸ್ನಾನನಾ?" ಅಂದರು. ಒಂದು ಕಡೆ ಮುಳ್ಳುತಂತಿ ಎಳೆದು ಫಿಲ್ಮ್ ಸೀಳಿದೆ. ಅದು ಬಿಸಿನೀರಿಗೆ ಹೋಗಲಿಲ್ಲ, ಹೋಗುವುದೂ ಇಲ್ಲ. ಆದರೆ ಕೆಳಗಿನ ಬಣ್ಣಕ್ಕೆ ಏನೂ ಆಗಿಲ್ಲ. ಆ ಒಂದು ತುಂಡು ಕಿತ್ತು ಹೊಸದು ಹಾಕಿಸಿದರೆ ಮುಗಿಯಿತು.

ಸೆರಾಮಿಕ್ ಮೇಲೆ ಗೀರು ಬಿದ್ದರೆ ಅಷ್ಟು ಸುಲಭ ಅಲ್ಲ. ಮೆಷಿನ್ ಪಾಲಿಶ್ ಹೊಡೆಯಬೇಕು. ಪಾಲಿಶ್ ಹೊಡೆದರೆ ಕೋಟಿಂಗೂ ಹೋಗುತ್ತದೆ, ಜೊತೆಗೆ ಸ್ವಲ್ಪ ಕ್ಲಿಯರ್ ಕೋಟೂ ಸವೆಯುತ್ತದೆ. ಆಮೇಲೆ ಅಲ್ಲಿಗೆ ಮತ್ತೆ ಕೋಟಿಂಗ್. ಅಂದರೆ ಗೀರು ತೆಗೆಯಲು ದುಡ್ಡು, ಗೀರು ತೆಗೆದದ್ದಕ್ಕೆ ಇನ್ನೊಮ್ಮೆ ದುಡ್ಡು.

ಇಷ್ಟೆಲ್ಲ ಇದ್ದರೂ ಭಾವನಿಗೆ ತಲೆಕೆಟ್ಟದ್ದು ಗೀರಿನಿಂದಲ್ಲ. ನೀರಿನಿಂದ.

ಅರಸೀಕೆರೆ ಕಡೆಯ ಬೋರ್‌ವೆಲ್ ನೀರು ಗೊತ್ತಲ್ಲ, ಗಡಸು. ಸೋಪು ನೊರೆ ಬರುವುದಿಲ್ಲ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಗೀಸರ್ ಕಾಯಿಲ್ ಬೇಗ ಹೋಗುತ್ತದೆ. ಆ ನೀರಿನಲ್ಲೇ ಕಾರು ತೊಳೆದು, ಅಂಗಳದ ಬಿಸಿಲಲ್ಲೇ ಒಣಗಲು ಬಿಡುತ್ತಿದ್ದರು. ಕೋಟಿಂಗ್ ಆದ ಕೆಲವೇ ತಿಂಗಳಲ್ಲಿ ಬಾನೆಟ್, ಟಾಪು, ಡಿಕ್ಕಿ ಮೇಲೆಲ್ಲ ಬಿಳಿ ಉಂಗುರಗಳು. ಕಡು ನೀಲಿ ಕಾರು ಬೇರೆ. ದೂರದಿಂದ ನೋಡಿದರೆ ಹಿಟ್ಟಿನ ಕೈಯಲ್ಲಿ ಮುಟ್ಟಿದ ಹಾಗಿತ್ತು. ಒರೆಸಿದರೆ ಹೋಗದು, ಶಾಂಪೂ ಹಾಕಿದರೂ ಹೋಗದು.

ತಮಾಷೆ ಏನೆಂದರೆ, ಇದಕ್ಕೆ ಅರ್ಧ ಕಾರಣ ಕೋಟಿಂಗಿನ ಒಳ್ಳೇ ಗುಣವೇ. ಕೋಟಿಂಗ್ ಇಲ್ಲದ ಬಣ್ಣದ ಮೇಲೆ ನೀರು ಹರಡಿಕೊಂಡು ತೆಳ್ಳಗೆ ಒಣಗುತ್ತದೆ. ಕೋಟಿಂಗ್ ಮೇಲೆ ನೀರು ಮುತ್ತಿನ ಹಾಗೆ ದುಂಡಗೆ ನಿಲ್ಲುತ್ತದೆ. ವಿಡಿಯೋದಲ್ಲಿ ತೋರಿಸಿ ಮರುಳು ಮಾಡುವುದೂ ಅದನ್ನೇ. ಕಾರು ಓಡುತ್ತಿದ್ದರೆ ಆ ಹನಿಗಳು ಉರುಳಿ ಹೋಗುತ್ತವೆ. ನಿಂತಿದ್ದರೆ ಅಲ್ಲೇ ಕೂರುತ್ತವೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ಆ ಒಂದೊಂದು ಹನಿಯೊಳಗೇ ಉಳಿಯುತ್ತದೆ. ನೀರು ಆರಿದ ಮೇಲೆ ಸುಣ್ಣದ ಉಂಗುರ. ಕಾದ ತಗಡಿನ ಮೇಲೆ ಇದೇ ಮತ್ತೆ ಮತ್ತೆ ಆದರೆ ಕೋಟಿಂಗನ್ನೇ ಕಚ್ಚಿ ಹಿಡಿಯುತ್ತದೆ.

ಮಾಡಿಸಿದ ಅಂಗಡಿಗೆ ಹೋದರೆ, "ವಾಟರ್ ಮಾರ್ಕ್ ವಾರಂಟಿಗೆ ಬರಲ್ಲ ಸಾರ್" ಅಂದರಂತೆ. ವಾರಂಟಿ ಕಾರ್ಡ್ ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ ಹಾಗೇ ಬರೆದಿದೆ. ಕಲ್ಲಿನ ಏಟು, ಗೀರು ಕೂಡ ಅದೇ ಪಟ್ಟಿಯಲ್ಲಿ. ಜೊತೆಗೆ ಹೇಳಿದ ಅವಧಿಗೊಮ್ಮೆ ಅವರಲ್ಲೇ ದುಡ್ಡು ಕೊಟ್ಟು ಸರ್ವಿಸ್ ಮಾಡಿಸದಿದ್ದರೆ ಇಡೀ ವಾರಂಟಿಯೇ ಇಲ್ಲ. ಹಾಗಾದರೆ ವಾರಂಟಿ ಯಾವುದಕ್ಕೆ ಅಂತ ಭಾವ ಇವತ್ತಿಗೂ ಕೇಳುತ್ತಾರೆ. ನನಗೂ ಉತ್ತರ ಸಿಕ್ಕಿಲ್ಲ.

ಕೊನೆಗೆ ಕೈಹಿಡಿದದ್ದು ಬಿಳಿ ವಿನೆಗರ್. ಡಿಸ್ಟಿಲ್ಡ್ ನೀರಿನಲ್ಲಿ ಅರ್ಧಕ್ಕರ್ಧ ಬೆರೆಸಿ, ನೆರಳಲ್ಲಿ, ತಣ್ಣಗಿರುವ ತಗಡಿನ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಒತ್ತಿಟ್ಟು, ತಕ್ಷಣ ತೊಳೆದುಬಿಟ್ಟೆವು. ಹೊಸ ಉಂಗುರಗಳು ಹೋದವು. ಹಳೇವು ಬಣ್ಣಕ್ಕೆ ಇಳಿದಿದ್ದವು, ಪಾಲಿಶ್ ಬಿಟ್ಟು ಬೇರೆ ದಾರಿಯಿಲ್ಲ. ಈಗ ತೊಳೆದ ಕೂಡಲೇ ಒರೆಸುತ್ತಾರೆ. ಅಕ್ಕನ ಪ್ರಕಾರ, ಮನೆಯಲ್ಲಿ ಯಾವ ಪಾತ್ರೆಗೂ ಇಷ್ಟು ಉಪಚಾರ ಸಿಕ್ಕಿಲ್ಲ.

ಇಲ್ಲಿ ನ್ಯಾಯವಾಗಿ ಒಂದು ಮಾತು. ಫಿಲ್ಮ್ ಮೇಲೂ ನೀರು ಹೀಗೇ ಹನಿಗಟ್ಟುತ್ತದೆ, ಕಲೆಯೂ ಬರುತ್ತದೆ. ನನ್ನ ಕಾರು ಬಚಾವಾದದ್ದು ಹಾಸನದ ನಲ್ಲಿಯಲ್ಲಿ ಹೇಮಾವತಿ ನೀರು ಬರುವುದರಿಂದ. ಅದೇ ಭಾವನ ಕಾರು ಮಳೆಗಾಲದಲ್ಲಿ ಸಕಲೇಶಪುರದಲ್ಲಿ ಎರಡು ದಿನ ನಿಂತರೆ ಎಷ್ಟು ಚಂದ ಕಾಣುತ್ತದೆ ಅಂತೀರಿ! ಮಳೆನೀರಿನಲ್ಲಿ ಆ ಸುಣ್ಣ ಇಲ್ಲ. ಕೆಸರು ಕೂಡ ಒಂದು ಪೈಪು ನೀರು ಹಿಡಿದರೆ ಜಾರಿ ಬೀಳುತ್ತದೆ. ನಾನು ಉಜ್ಜುತ್ತಾ ನಿಂತಿರುವಾಗ ಭಾವ ಕಾಫಿ ಕುಡಿದು ಮುಗಿಸಿರುತ್ತಾರೆ. ತೊಳೆಯುವ ಸುಲಭದಲ್ಲಿ ಸೆರಾಮಿಕ್ ಗೆದ್ದಿದೆ. ಹೊಳಪಿನಲ್ಲೂ.

ಹಕ್ಕಿ ಹಿಕ್ಕೆಗೆ ಯಾವುದೂ ಪೂರ್ತಿ ಮದ್ದಲ್ಲ. ಗೋಣಿಮರದ ಕೆಳಗೆ ನಿಲ್ಲಿಸಿದರೆ ಆ ದಿನವೇ ತೊಳೆಯಿರಿ. ಸೆರಾಮಿಕ್ ಸ್ವಲ್ಪ ಹೊತ್ತು ಜಾಸ್ತಿ ತಡೆಯುತ್ತದೆ, ಅಷ್ಟೇ.

ಟೆಫ್ಲಾನ್ ಕೋಟಿಂಗ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ದೋಸೆ ಕಾವಲಿಗೆ ಟೆಫ್ಲಾನ್ ಹಿಡಿಯಬೇಕಾದರೆ 300 ಡಿಗ್ರಿಗಿಂತ ಮೇಲೆ ಕಾಯಿಸುತ್ತಾರೆ. ಕಾರನ್ನು ಹಾಗೆ ಕಾಯಿಸಲು ಆಗುತ್ತಾ? ಆ ಹೆಸರಿನಲ್ಲಿ ಹಚ್ಚುವುದು ಒಂದು ಬಗೆಯ ಪಾಲಿಶ್, ಕೆಲವು ತಿಂಗಳ ಮಾತು. ಗ್ರಾಫೀನ್ (ಇಂಗಾಲದ ಒಂದು ರೂಪ) ಅಂತ ಈಗ ಬಂದಿರುವುದರಲ್ಲೂ ಬಹುಪಾಲು ಅದೇ ಸೆರಾಮಿಕ್, ಜೊತೆಗೆ ಚಿಟಿಕೆ ಗ್ರಾಫೀನ್ ಪುಡಿ, ಹೊಸ ರೇಟು.

ವ್ಯಾಕ್ಸ್‌ನಿಂದ ಗೀರು ನಿಲ್ಲುವುದಿಲ್ಲ. ಆದರೆ ಅದು ಹಾಗೆ ಹೇಳಿಕೊಳ್ಳುವುದೂ ಇಲ್ಲ. ಕಾರ್ನೌಬಾ ಅಂತ ಬ್ರೆಜಿಲ್‌ನ ಒಂದು ತಾಳೆಯ ಎಲೆಯಿಂದ ಬರುವ ಮೇಣ ಅದು. ಒಂದು ಡಬ್ಬಿ ವರ್ಷಗಟ್ಟಲೆ ಬರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಭಾನುವಾರ ಹಚ್ಚಿಕೊಳ್ಳಬಹುದು. ಅಪ್ಪನ ಓಮ್ನಿ ಮೇಲೆ ಗೀರುಗಳಿಗೆ ಲೆಕ್ಕವಿಲ್ಲ, ಆದರೆ ಬಣ್ಣ ಇನ್ನೂ ಮಂಕಾಗಿಲ್ಲ.

ಫಿಲ್ಮ್‌ನಲ್ಲೂ ಕೊರತೆ ಇದೆ. ಮೊದಲನೆಯದು ಅಂಚು. ತೋಟದ ಕೆಮ್ಮಣ್ಣು ಅಂಚಿನ ಅಂಟಿಗೆ ಸೇರಿಕೊಂಡು ಕಂದು ಗೆರೆ ಮೂಡುತ್ತದೆ. ನನ್ನದು ಬೂದು ಬಣ್ಣವಾದ್ದರಿಂದ ಹೆಚ್ಚು ಕಾಣುವುದಿಲ್ಲ, ಬಿಳಿ ಕಾರಿನವರು ಯೋಚಿಸಬೇಕು. ಪ್ರೆಷರ್ ಪೈಪನ್ನು ಅಂಚಿಗೆ ನೇರ ಹಿಡಿದರೆ ಎದ್ದೇ ಬರುತ್ತದೆ. ವಾಟರ್ ವಾಶ್ ಹುಡುಗರಿಗೆ ಪ್ರತಿ ಸಲ ಹೇಳಬೇಕು. ಎರಡನೆಯದು, ಅಗ್ಗದ ಮಾಲು. ಒಳ್ಳೇ ಫಿಲ್ಮ್ ಅಂದರೆ ಟಿಪಿಯು ಎಂಬ ಹಿಗ್ಗುವ ಪ್ಲಾಸ್ಟಿಕ್. ಕಡಿಮೆ ರೇಟಿಗೆ ಪಿವಿಸಿ ಅಂಟಿಸುವವರಿದ್ದಾರೆ. ಬಿಸಿಲಿಗೆ ಅದು ಹಳದಿಯಾಗಿ, ಸೆಟೆದು, ಕೀಳುವಾಗ ಪ್ರಾಣ ತಿನ್ನುತ್ತದೆ. ಒಂದು ತುಂಡು ಕೇಳಿ ಎಳೆದು ನೋಡಿ. ಟಿಪಿಯು ರಬ್ಬರಿನಂತೆ ಹಿಗ್ಗಿ ವಾಪಸ್ ಬರುತ್ತದೆ. ಮೂರನೆಯದು, ಒಮ್ಮೆ ಟಿಂಕರಿಂಗ್ ಆಗಿ ಹೊರಗೆ ಬಣ್ಣ ಹೊಡೆಸಿದ ಭಾಗಕ್ಕೆ ಫಿಲ್ಮ್ ಬೇಡ. ಕೀಳುವಾಗ ಬಣ್ಣವೇ ಎದ್ದು ಬರಬಹುದು.

ದುಡ್ಡಿನ ಲೆಕ್ಕ ಹೀಗೆ. ಭಾವನಿಗೆ ಸೆರಾಮಿಕ್ 25 ಸಾವಿರದ ಆಸುಪಾಸು ಆಯಿತು, ಆಮೇಲಿನ ಸರ್ವಿಸ್ ಬೇರೆ. ನನ್ನ ಅರ್ಧಂಬರ್ಧ ಫಿಲ್ಮ್‌ಗೆ 40 ಸಾವಿರದ ಹತ್ತಿರ. ಇಡೀ ಕಾರಿಗೆ ಕೇಳಿದಾಗ ಲಕ್ಷ ದಾಟಿಸಿದರು. ಅಷ್ಟು ದುಡ್ಡು ಕೊಟ್ಟು ಟಾಪಿಗೂ ಡಿಕ್ಕಿಗೂ ಫಿಲ್ಮ್ ಹಾಕಿಸುವುದು ನನ್ನ ಲೆಕ್ಕದಲ್ಲಿ ಸುಮ್ನೆ ದಂಡ. ಟಾಪಿಗೆ ಯಾವ ಜಲ್ಲಿ ಹಾರುತ್ತದೆ?

ನಾನು ಕಾರನ್ನು ಬೇಗ ಮಾರುವವನಲ್ಲ. ವಾರಕ್ಕೊಮ್ಮೆ ತೋಟಕ್ಕೆ ಹೋಗಲೇಬೇಕು. ತೊಳೆಯುವುದೂ ನಾನೇ. ಹಾಗಾಗಿ ನನಗೆ ಫಿಲ್ಮ್ ಸರಿ. ಊರೊಳಗೇ ಓಡಾಡಿ, ಶೆಡ್ಡಿನಲ್ಲಿ ನಿಲ್ಲಿಸಿ, ಒಳ್ಳೇ ನೀರು ಸಿಗುವವರಾದರೆ ಸೆರಾಮಿಕ್ ಮಾಡಿಸಿ, ಖುಷಿಯಾಗಿರುತ್ತೀರಿ. ಎರಡಕ್ಕೂ ದುಡ್ಡಿಲ್ಲವಾ? ಬೆಳಗ್ಗೆ ಒಣ ಬಟ್ಟೆಯಲ್ಲಿ ಧೂಳು ಒರೆಸುವುದನ್ನು ನಿಲ್ಲಿಸಿ. ಬಿಸಿಲಲ್ಲಿ ಜೇಡರ ಬಲೆಯಂತೆ ಕಾಣುವ ಸಣ್ಣ ಗೀರುಗಳು ಬಹುಪಾಲು ಹುಟ್ಟುವುದು ಅಲ್ಲಿಂದಲೇ. ಮೊದಲು ನೀರು ಹಾಯಿಸಿ, ಆಮೇಲೆ ಬಟ್ಟೆ ಮುಟ್ಟಿಸಿ. ಇದಕ್ಕೆ ಖರ್ಚಿಲ್ಲ.

ಫಿಲ್ಮ್ ಹಾಕಿಸುವುದಾದರೆ ಮಳೆ ಹಿಡಿಯುವ ಮುಂಚೆಯೇ ಹೋಗಿ. ಒಳಗಿನ ತೇವ ಆರಿ ಅಂಟು ಕೂರಲು ಬಿಸಿಲು ಬೇಕು. ಹಾಕಿಸಿದ ಒಂದು ವಾರ ಕಾರು ತೊಳೆಯಬೇಡಿ. ಅಲ್ಲಲ್ಲಿ ನೀರಿನ ಗುಳ್ಳೆ ಕಂಡರೆ ಗಾಬರಿಯಿಂದ ಸೂಜಿ ಚುಚ್ಚಬೇಡಿ, ಅವು ತಾವೇ ಆರುತ್ತವೆ. ಬಾಗಿಲ ಹಿಡಿಯ ಒಳಗಿನ ಗುಳಿಗೂ ಒಂದೊಂದು ತುಂಡು ಹಾಕಿಕೊಡಿ ಅಂತ ಕೇಳಿ. ಉಳಿದ ಚೂರಿನಲ್ಲೇ ಆಗುತ್ತದೆ, ನನಗೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ.