ಟರ್ನರ್ ಅಪ್ರೆಂಟಿಸ್‌ಶಿಪ್: ಹನ್ನೊಂದು ತಿಂಗಳಾದ್ಮೇಲೆ ನನ್ನ ಅನುಭವ

ಮಂಡ್ಯದಿಂದ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಗೆ ದಿನಾ ಓಡಾಡ್ಕೊಂಡು ಟರ್ನರ್ ಕೆಲ್ಸದ, ಅಂದ್ರೆ ಲೇತ್ ಮೆಷಿನಲ್ಲಿ ಲೋಹ ಕಡೆಯೋ ಕೆಲ್ಸದ ಅಪ್ರೆಂಟಿಸ್‌ಶಿಪ್ ಮಾಡ್ತಿದೀನಿ, ಕೇಂದ್ರ ಸರ್ಕಾರದ ನ್ಯಾಪ್ಸ್ (ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಪ್ರಮೋಷನ್) ಸ್ಕೀಮಲ್ಲಿ, ಈಗ ಹನ್ನೊಂದನೇ ತಿಂಗಳು. ಅಪ್ಲೈ ಮಾಡೋದು ಹೆಂಗೆ ಅಂತ ವಿಡಿಯೋ ಬೇಕಾದಷ್ಟಿವೆ, ಅದನ್ನ ಹೇಳಲ್ಲ. ಮೊದ್ಲು ದುಡ್ಡಿನ ವಿಷ್ಯ, ಐದು ತಿಂಗಳು ನಿದ್ದೆ ಕೆಡಿಸಿದ್ದು ಅದೇ.

ಐಟಿಐ ಮುಗಿಸಿದವ್ರಿಗೆ ತಿಂಗಳಿಗೆ ಕನಿಷ್ಠ 7000 ಸ್ಟೈಪೆಂಡ್ ಅಂತ 2019ರ ರೂಲ್ಸಲ್ಲಿದೆ, ನಂಗೂ ಅಷ್ಟೇ. ಅದ್ರಲ್ಲಿ 5500 ಕಂಪನಿ ಕೊಡುತ್ತೆ, 1500 ಸರ್ಕಾರ ನೇರವಾಗಿ ನಮ್ಮ ಅಕೌಂಟಿಗೆ ಹಾಕುತ್ತೆ. ಕಂಪನಿದು ಸರಿಯಾಗಿ ಬಂತು, ಸರ್ಕಾರದ್ದು ಬರ್ಲೇ ಇಲ್ಲ. ಕಂಪನೀಲಿ ಕೇಳಿದ್ರೆ ಬ್ಯಾಂಕಲ್ಲಿ ಕೇಳಮ್ಮ ಅಂತಾರೆ, ಬ್ಯಾಂಕಲ್ಲಿ ಕೇಳಿದ್ರೆ ಆಧಾರ್ ಲಿಂಕ್ ಆಗಿದೆಯಲ್ಲಮ್ಮ ಅಂತಾರೆ, ಒಂದೊಂದ್ಸಲ ಹೋಗೋಕೂ ಅರ್ಧ ದಿನ ರಜ ಹಾಕ್ಬೇಕು. ಕೊನೆಗೆ ಗೊತ್ತಾಗಿದ್ದೇನಂದ್ರೆ ಅಕೌಂಟಿಗೆ ಆಧಾರ್ ಲಿಂಕ್ ಆಗಿರೋದು ಬೇರೆ, ಸರ್ಕಾರದ ದುಡ್ಡು ಬರೋಕೆ ಬೇಕಾದ ಸೀಡಿಂಗ್ ಬೇರೆ. ಸೀಡಿಂಗ್ ಅಂದ್ರೆ ಸರ್ಕಾರದ ದುಡ್ಡು ಯಾವ ಬ್ಯಾಂಕಿನ ಅಕೌಂಟಿಗೆ ಹೋಗ್ಬೇಕು ಅಂತ ಆಧಾರ್ ನಂಬರಿಗೆ ಗುರ್ತು ಹಾಕೋದು. ನನ್ನ ಆಧಾರ್ ಹೈಸ್ಕೂಲಲ್ಲಿ ಸ್ಕಾಲರ್‌ಶಿಪ್ಪಿಗೆ ಅಂತ ಮಾಡ್ಸಿದ್ದ ಹಳೇ ಅಕೌಂಟಿಗೆ ಸೀಡ್ ಆಗಿತ್ತು, ಆ ಅಕೌಂಟು ವಹಿವಾಟಿಲ್ದೆ ನಿಂತೋಗಿತ್ತು. ಸೇರೋ ಮುಂಚೇನೇ ಆಧಾರ್ ಸೈಟಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅಂತಿರುತ್ತೆ, ಯಾವ ಬ್ಯಾಂಕ್ ತೋರ್ಸುತ್ತೆ ನೋಡ್ಕೊಳಿ, ಎರಡು ನಿಮಿಷದ ಕೆಲ್ಸ. ಸೇರಿದ ದಿನಾನೇ ಯಾರಾದ್ರೂ ಒಬ್ರು ಹೇಳಿದ್ರೆ ಸಾಕಿತ್ತು ನಂಗೆ.

5500ರಲ್ಲಿ ನಡೆದಿದ್ದು ಶಕ್ತಿ ಯೋಜನೆಯಿಂದ, ಮಂಡ್ಯ ಬಸ್ಸೂ ಫ್ರೀ ಸಿಟಿ ಬಸ್ಸೂ ಫ್ರೀ. ಜೊತೆಗೆ ಸೇರಿದ ಹುಡುಗ್ರು ರೂಮ್ ಮಾಡಿದ್ರು, ಬಾಡಿಗೆ ಊಟ ಕಳೆದ್ರೆ ಮನೆಯಿಂದಾನೇ ದುಡ್ಡು ತರ್ಸ್ಕೋಬೇಕಾಯ್ತು, ಇಬ್ರು ನಾಲ್ಕನೇ ತಿಂಗಳಿಗೇ ಬಿಟ್ರು.

ನಾನು ಬಿಡದೇ ಇದ್ದಿದ್ದು ಮೈಕ್ರೋಮೀಟರಿಂದ, ಅಂದ್ರೆ ದಪ್ಪಾನ ತುಂಬಾ ಸೂಕ್ಷ್ಮವಾಗಿ ಅಳೆಯೋ ಉಪಕರಣ. ಐಟಿಐಲಿ ಅದು ಬೀರುವಲ್ಲಿರ್ತಿತ್ತು, ನಾವು ರೆಕಾರ್ಡ್ ಬುಕ್ಕಲ್ಲಿ ಚಿತ್ರ ಬರ್ದು ಭಾಗ ಗುರ್ತಿಸಿದ್ದಷ್ಟೇ. ಇಲ್ಲಿ ಪಕ್ಕದ ಲೇತಿನ ಅಣ್ಣ, ಇಪ್ಪತ್ತು ವರ್ಷದಿಂದ ಆಪರೇಟರು, ಮೊದಲ್ನೇ ವಾರ ಜಾಬ್ (ಲೇತಲ್ಲಿ ಕಡೆಯೋ ತುಂಡು) ಮುಟ್ಟೋಕೇ ಬಿಡ್ಲಿಲ್ಲ. ಬೆಳಿಗ್ಗೆ ಬಂದ ತಕ್ಷಣ ಮೈಕ್ರೋಮೀಟರನ್ನ ಡಬ್ಬಿಯಿಂದ ತೆಗ್ದು, ಅಳೆಯೋ ಎರಡೂ ಮುಖಾನ ಮೆತ್ತನೆ ಬಟ್ಟೇಲಿ ಒರ್ಸಿ, ಮೆಲ್ಲಗೆ ಮುಚ್ಕೊಂಡು ಬಂದು, ಹಿಂದಿನ ರಾಚೆಟ್ (ತುದೀಲಿರೋ ಸಣ್ಣ ತಿರುಪು) ಹಿಡ್ದು ಟಿಕ್ ಟಿಕ್ ಟಿಕ್ ಅಂತ ಮೂರು ಸಲ, ಆಮೇಲೆ ಗೆರೆ ಸೊನ್ನೆಗೆ ಕೂತಿದೆಯಾ ನೋಡ್ಬೇಕು. "ಕೈಯಲ್ಲಿ ಅದುಮ್ಬ್ಯಾಡ ಕಣವ್ವ, ಅದುಮುದ್ರೆ ನೀನ್ ಹೇಳ್ದಂಗೆ ಕೇಳ್ತದೆ, ನಿಜ ಹೇಳಕಿಲ್ಲ" ಅಂದ್ರು. ಈಗ ಆ ಮೂರು ಟಿಕ್ ಕೇಳೋವರ್ಗೂ ನಂಗೆ ದಿನ ಶುರುವಾದಂಗೇ ಅನ್ಸಲ್ಲ. ಹೋದ ತಿಂಗಳು 24 ಎಂಎಂ ದಪ್ಪದ ಶಾಫ್ಟನ್ನ (ಉದ್ದನೆ ದುಂಡು ಸರಳು) 0.02 ಎಂಎಂ ವ್ಯತ್ಯಾಸದ ಒಳಗೆ ಹಿಡ್ದೆ, ಅಣ್ಣ ತಾವೂ ಒಂದ್ಸಲ ಅಳೆದು ನೋಡಿ ಏನೂ ಮಾತಾಡ್ದೆ ಟ್ರೇಗೆ ಇಟ್ರು. ಮನೇಲಿ ಅಮ್ಮಂಗೆ ಅವರದೇ ಒಂದು ಕೂದ್ಲು ಹಿಡ್ದು ತೋರ್ಸಿ, ಇದಕ್ಕಿಂತ ಸಣ್ಣ ವ್ಯತ್ಯಾಸ ಅಂತ ಹೇಳ್ದೆ.

ಅಪ್ರೆಂಟಿಸ್‌ಶಿಪ್ ಮುಗಿದ್ಮೇಲೆ ಕಂಪನಿ ಕೆಲ್ಸ ಕೊಡ್ಲೇಬೇಕು ಅಂತ 1961ರ ಅಪ್ರೆಂಟಿಸ್ ಕಾಯ್ದೇಲಿಲ್ಲ, ನಮ್ ಬ್ಯಾಚಿಗೆ ಕೊಡಲ್ಲ ಅಂತಲೂ ಹೇಳ್ಬಿಟ್ಟಿದಾರೆ. ಟ್ರೇಡ್ ಟೆಸ್ಟ್ ಪಾಸ್ ಮಾಡಿ ಸರ್ಟಿಫಿಕೇಟ್ ತಗೊಂಡು ಹೊರಗೆ ಹುಡುಕ್ಬೇಕು. ಐಟಿಐ ಮುಗ್ಸಿ ಮನೇಲಿರೋ ಹೆಣ್ಮಕ್ಕಳೇ, ಮನೆಯಿಂದ ಓಡಾಡೋ ದೂರ ಇದ್ರೆ ಖಂಡಿತ ಸೇರಿ. ರೂಮ್ ಮಾಡೋದಾದ್ರೆ ಮೊದ್ಲು ಕೂತು ಲೆಕ್ಕ ಹಾಕಿ. ಸೀಡಿಂಗ್ ಸರಿ ಮಾಡ್ಸಿದ್ಮೇಲೆ ನಂಗೆ ತಿಂಗ್ಳು ತಿಂಗ್ಳು 1500 ಬರ್ತಿದೆ, ಹಿಂದಿನ ಐದು ತಿಂಗಳ 7500 ಇನ್ನೂ ಬಂದಿಲ್ಲ. ಬಂದ ದಿನ ಇಲ್ಲೇ ಬರೀತೀನಿ.