ಸಾಲ್ಸಾ ಲೆಕ್ಕದ ಆ್ಯಪ್: ಎರಡು ವರ್ಷ ಬಳಸಿದ ಮೇಲೆ

ಎರಡು ವರ್ಷದ ಹಿಂದೆ ನಾನೂ ನನ್ನ ಹೆಂಡತಿಯೂ ಬೆಂಗಳೂರಿನಲ್ಲಿ ಸಾಲ್ಸಾ ಡ್ಯಾನ್ಸ್ ಕ್ಲಾಸಿಗೆ ಸೇರಿದೆವು. ಹೆಜ್ಜೆ ಮೂರು ವಾರದಲ್ಲಿ ಬಂತು. ಆದರೆ ಹಾಡಿನಲ್ಲಿ ‘ಒಂದು’, ಅಂದರೆ ಎಂಟರ ಎಣಿಕೆಯ ಮೊದಲ ಬೀಟ್, ಎಲ್ಲಿದೆ ಅನ್ನೋದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಮೇಷ್ಟ್ರು "ಫೈವ್, ಸಿಕ್ಸ್, ಸೆವೆನ್" ಅಂತ ಕೂಗಿದರೆ ಸರಿಯಾಗಿ ಹೊರಡುತ್ತಿದ್ದೆ. ಅವರು ಸುಮ್ಮನಿದ್ದರೆ ಆಕೆಯ ಕೈ ಹಿಡಿದುಕೊಂಡು, ಸಿಗ್ನಲ್ ಬಿಡಲಿ ಅಂತ ಕಾಯುವವನ ಹಾಗೆ ನಿಂತಿರುತ್ತಿದ್ದೆ. ಆಗ ಫೋನಿಗೆ ಹಾಕಿಕೊಂಡಿದ್ದು ಈ ಆ್ಯಪ್. ಹೆಸರು ಬೇಡ, ಈ ಥರದವು ಹಲವಿವೆ.

ಕೆಲಸ ಸರಳ. ಕ್ಲಾವೆ (ಒಂದಕ್ಕೊಂದು ಬಡಿಯುವ ಎರಡು ಕೋಲು), ಕಾಂಗಾ (ಕೈಯಲ್ಲಿ ಬಾರಿಸುವ ಉದ್ದನೆಯ ಡ್ರಮ್), ಗಂಟೆ, ಬಾಸ್, ಪಿಯಾನೊ, ಹೀಗೆ ಒಂದೊಂದು ವಾದ್ಯಕ್ಕೂ ಒಂದೊಂದು ಬಟನ್. ಬೇಕಾದ್ದು ಹಾಕಬಹುದು, ಬೇಡದ್ದು ತೆಗೆಯಬಹುದು. ವೇಗ ಏರಿಸಬಹುದು, ಇಳಿಸಬಹುದು. ಜೊತೆಗೆ ಒಂದರಿಂದ ಎಂಟರವರೆಗೆ ಎಣಿಸುವ ಒಂದು ದನಿ. ಸಾಲ್ಸಾದಲ್ಲಿ 1, 2, 3 ಮತ್ತು 5, 6, 7ಕ್ಕೆ ಹೆಜ್ಜೆ, 4 ಮತ್ತು 8ಕ್ಕೆ ಬಿಡುವು.

ನನ್ನ ತೊಡಕು ಏನು ಅಂತ ತಿಳಿದದ್ದು ಬಾಸ್ ಒಂದನ್ನೇ ಹಾಕಿ ಕೇಳಿದ ದಿನ. ನಾನು ಸಿನಿಮಾ ಹಾಡು ಕೇಳಿ ಬೆಳೆದವನು. ‘ಒಂದು’ ಅಂದರೆ ಅಲ್ಲೊಂದು ದಪ್ಪ ಪೆಟ್ಟು ಬೀಳಬೇಕು ಅನ್ನೋದು ನನ್ನ ನಂಬಿಕೆ. ಸಾಲ್ಸಾದ ಬಾಸ್ ಮಾಡುವುದೇ ಬೇರೆ. ಎರಡು ಮುಗಿದ ಅರ್ಧಕ್ಕೊಂದು, ನಾಲ್ಕಕ್ಕೊಂದು ಮೀಟಿ, ‘ಒಂದು’ ಬರುವ ಹೊತ್ತಿಗೆ ಸುಮ್ಮನಾಗಿಬಿಡುತ್ತದೆ. 2-3 ಕ್ಲಾವೆಯೂ (ಮೊದಲ ನಾಲ್ಕು ಎಣಿಕೆಯಲ್ಲಿ ಎರಡು ಪೆಟ್ಟು, ಮುಂದಿನ ನಾಲ್ಕರಲ್ಲಿ ಮೂರು) ಅಷ್ಟೇ. ಐದು ಪೆಟ್ಟು ಬೀಳುವುದು 2, 3, 5, ಆರರ ನಂತರದ ಅರ್ಧ, ಮತ್ತೆ 8ರಲ್ಲಿ. ಒಂದರ ಜಾಗ ಖಾಲಿ! ಖಾಲಿ ಜಾಗದಲ್ಲಿ ಪೆಟ್ಟು ಹುಡುಕುತ್ತಾ ಕೂತಿದ್ದೆ ನಾನು.

ಕಾಪಾಡಿದ್ದು ಕಾಂಗಾ. ನಾಲ್ಕರಲ್ಲಿ ಮತ್ತು ಎಂಟರಲ್ಲಿ ಅದು ‘ಟುಂ-ಟುಂ’ ಅಂತ ಎರಡು ಸಲ ತೆರೆದ ದನಿ ಕೊಡುತ್ತದೆ. ಕಾಲಿಗೆ ಬಿಡುವು ಇರುವುದೂ ಅಲ್ಲೇ. ಟುಂ-ಟುಂ ಕೇಳಿತಾ, ಮುಂದಿನದು ಹೆಜ್ಜೆ. ಇಷ್ಟಕ್ಕೇ ನಾನು ಈ ಆ್ಯಪಿಗೆ ಕೊಟ್ಟ ದುಡ್ಡು ವಸೂಲಾಯಿತು.

ಆದರೂ ಅದು 1 ಬಂತೋ 5 ಬಂತೋ ಅನ್ನೋ ಗೊಂದಲ ಉಳಿಯಿತು. ಗಂಟೆಯ ಜೋರು ಪೆಟ್ಟು 1, 3, 5, 7 ನಾಲ್ಕರಲ್ಲೂ ಒಂದೇ ಥರ ಕೇಳುತ್ತದೆ. ಐದರಲ್ಲಿ ಹೊರಟರೆ ಜೋಡಿಯೇನೂ ಡಿಕ್ಕಿ ಹೊಡೆಯುವುದಿಲ್ಲ. ಹಾಡಿನ ಸಾಲು ಮುಗಿದಾಗ ನಾವು ಮಾತ್ರ ಅರ್ಧ ದಾರಿಯಲ್ಲಿ ಇರುತ್ತೇವೆ. ಇದಕ್ಕೆ ಮದ್ದು ಕೊಟ್ಟದ್ದು ಆ್ಯಪ್ ಅಲ್ಲ, ನನ್ನ ಹೆಂಡತಿ. ಅವಳು ಚಿಕ್ಕಂದಿನಲ್ಲಿ ಸಂಗೀತ ಕಲಿತವಳು. ಸೋಫಾ ಮೇಲೆ ಕೂತು ತೊಡೆಗೆ ಆದಿತಾಳ ಹಾಕಿದಳು. ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಎರಡು ಸಲ ಪೆಟ್ಟು-ಬೀಸು. ಅದೂ ಎಂಟೇ ಅಲ್ವಾ! ಬೆರಳು ಎಣಿಸುತ್ತಿದ್ದರೆ ಮೊದಲರ್ಧ, ಕೈ ಬೀಸುತ್ತಿದ್ದರೆ ಎರಡನೆಯದು. ನಿಮಿಷಕ್ಕೆ 120 ಬೀಟಿನ ವೇಗದಲ್ಲಿ ಇದು ಚೆನ್ನಾಗಿ ಕೂರುತ್ತದೆ. 180ಕ್ಕೆ ಹೋದರೆ ನನ್ನ ಕೈ ಸೋಲುತ್ತದೆ. ಅವಳದು ಸೋಲುವುದಿಲ್ಲ, ಅದು ಬೇರೆ ಮಾತು.

ಕಿರಿಕಿರಿಯೂ ಇದೆ. ಬ್ಲೂಟೂತ್ ಸ್ಪೀಕರ್ ಹಾಕಿದರೆ ಸ್ಕ್ರೀನಿನ ಅಂಕಿಯೂ ಕಿವಿಯ ಸದ್ದೂ ಕೂಡುವುದಿಲ್ಲ. 180ರ ವೇಗದಲ್ಲಿ ಒಂದು ಬೀಟ್ ಅಂದರೆ ಸೆಕೆಂಡಿನ ಮೂರನೇ ಒಂದು ಭಾಗ. ಬ್ಲೂಟೂತ್ ಸದ್ದು ಸೆಕೆಂಡಿನ ಐದನೇ ಒಂದು ಭಾಗ ತಡವಾದರೂ ಅರ್ಧ ಬೀಟಿಗಿಂತ ಜಾಸ್ತಿ ಹೋಯಿತು. ಮೊದಲ ತಿಂಗಳು ತಪ್ಪು ನನ್ನದೇ ಅಂದುಕೊಂಡು ಸುಮ್ನೆ ಬೈಸಿಕೊಂಡೆ. ವೈರ್ ಇರುವ ಇಯರ್‌ಫೋನ್ ಹಾಕಿ, ಇಲ್ಲಾ ಸ್ಕ್ರೀನ್ ನೋಡಬೇಡಿ. ಕಳೆದ ವರ್ಷದ ಅಪ್‌ಡೇಟ್ ಆದಮೇಲೆ ಫೋನ್ ಲಾಕ್ ಆದರೆ ಲೆಕ್ಕವೂ ನಿಲ್ಲುತ್ತದೆ. ಬಚಾಟಾ ಅನ್ನೋ ಇನ್ನೊಂದು ಜೋಡಿ ಡ್ಯಾನ್ಸಿನ ವಿಭಾಗ ಹೆಸರಿಗೆ ಮಾತ್ರ. ಪರವಾಗಿಲ್ಲ, ಬಚಾಟಾದಲ್ಲಿ ಮೂರು ಹೆಜ್ಜೆ, ನಾಲ್ಕಕ್ಕೊಂದು ತಟ್ಟು, ನನ್ನಂಥವನಿಗೂ ಕೇಳಿಸುತ್ತದೆ.

ದೊಡ್ಡ ದೂರು ಆ ಎಣಿಸುವ ದನಿಯ ಮೇಲೆ. ಆರು ತಿಂಗಳು ಅದನ್ನು ತೆಗೆಯಲೇ ಇಲ್ಲ. ಆಮೇಲೆ ಒಂದು ಪಾರ್ಟಿಗೆ ಹೋದರೆ, ಎಣಿಸುವವರು ಯಾರೂ ಇಲ್ಲ, ನಾನು ಮತ್ತೆ ಸಿಗ್ನಲ್ಲಿನಲ್ಲಿ! "ರೀ, ನೀವು ಬಾಯಲ್ಲಿ ಎಣಿಸ್ತಿದ್ದೀರಿ, ಕಾಲಲ್ಲಿ ಅಲ್ಲ" ಅಂದಳು. ಅಂದಿನಿಂದ ದನಿ ಎರಡೇ ನಿಮಿಷ. ಆಮೇಲೆ ಕಾಂಗಾ ಮತ್ತು ಗಂಟೆ, ಕೊನೆಗೆ ಬರೀ ಕ್ಲಾವೆ. ಹೊಸದಾಗಿ ಹಾಕಿಕೊಳ್ಳುವವರು ಮೊದಲ ವಾರದಿಂದಲೇ ಹೀಗೆ ಮಾಡಿ.

ಇನ್ನೊಂದು ವಿಷಯ. ಆ್ಯಪಿನ ವಾದ್ಯ ಎಂದೂ ನಿಲ್ಲುವುದಿಲ್ಲ. ನಿಜವಾದ ಹಾಡಿನಲ್ಲಿ ಎಲ್ಲರೂ ಒಮ್ಮೆಲೇ ನಿಂತು ಮತ್ತೆ ಎದ್ದುಬರುವ ಜಾಗಗಳಿರುತ್ತವೆ. ಅದಕ್ಕೆ ಹಾಡನ್ನೇ ಕೇಳಬೇಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಈಗ ವಾರಕ್ಕೊಮ್ಮೆ ತೆರೆದರೆ ಹೆಚ್ಚು, ಅದೂ ಮೆಟ್ರೊದಲ್ಲಿ. ಹೊಸ ತಿರುವು ಬಂದಾಗ ಈಗಲೂ ನನ್ನ ತುಟಿ ಅಲ್ಲಾಡುತ್ತದಂತೆ. ಆಕೆ ಭುಜದ ಮೇಲಿನ ಬೆರಳನ್ನು ಸ್ವಲ್ಪ ಒತ್ತುತ್ತಾಳೆ, ನಾನು ಬಾಯಿ ಮುಚ್ಚುತ್ತೇನೆ.